ಹರಿಶ್ಚಂದ್ರನ ಕಾರ್ಖಾನೆ: ದಾದಾಸಾಹೇಬ್ ಫಾಲ್ಕೆ ಅವರ ಬದುಕು ಮತ್ತು ದುಡಿಮೆ

ಡಾ. ರಾಜ್‌ಕುಮಾರ್ ಅವರಿಗೆ 1995ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂದಾಗ ಕನ್ನಡಿಗರೆಲ್ಲರೂ ತಮ್ಮ ಮನೆಗೇ ಬಂದ ಗೌರವವೆಂಬಂತೆ ಸಂತೋಷಪಟ್ಟರು. ಮೈಸೂರಿನಲ್ಲಿ ಹುಟ್ಟಿ, ಗುರುದತ್ ಅವರ ಹಿಂದಿ ಚಿತ್ರಗಳಿಗೆ ಛಾಯಾಗ್ರಾಹಕರಾಗಿ ಹೆಸರು ಮಾಡಿದ ವಿ. ಕೆ. ಮೂರ್ತಿ ಅವರಿಗೆ 2008ನೇ ಸಾಲಿನಲ್ಲಿ ಅದೇ ಪ್ರಶಸ್ತಿ ಸಂದಿತು. ಭಾರತೀಯ ಚಿತ್ರರಂಗದ ಈ ಅತ್ಯುನ್ನತ ಪ್ರಶಸ್ತಿಯನ್ನು 1969ನೇ ಸಾಲಿನಲ್ಲಿ ಮೊಟ್ಟಮೊದಲು ಪಡೆದವರು ನಟಿ ದೇವಿಕಾ ರಾಣಿ. ಅವರು ತಮ್ಮ ಬಾಳಿನ ಕೊನೆಯ ದಶಕಗಳನ್ನು ಕಳೆದದ್ದು ಬೆಂಗಳೂರಿನಲ್ಲಿಯೇ.

ಪ್ರಶಸ್ತಿ ಪಡೆದವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿದೆ. ಆದರೆ ಪ್ರಶಸ್ತಿಗೆ ಹೆಸರು ಕೊಟ್ಟ ಫಾಲ್ಕೆ ಯಾರು ಎಂದು ಕೇಳಿದರೆ, ಭಾರತೀಯ ಚಿತ್ರರಂಗದ ಪಿತಾಮಹ ಎಂಬ ಒಂದು ಸಾಲಿನ ಉತ್ತರ ಬರುತ್ತದೆ, ಅಷ್ಟೆ. ಆ ಒಂದು ಸಾಲಿನ ಹಿಂದೆ ಎಷ್ಟು ಕಷ್ಟ, ಎಷ್ಟು ಜನರ ಬೆವರು, ಎಷ್ಟು ಲಾಭ ನಷ್ಟಗಳಿವೆ ಎಂಬುದನ್ನು ನಾವು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ. ಊರಿನಿಂದ ದೂರದಲ್ಲಿ ಬೆಳೆಯುತ್ತಿರುವ ನಮ್ಮ ಅನೇಕ ಮಕ್ಕಳಿಗೆ ಸಿನಿಮಾ ಎಂದರೆ ಹಾಡು, ನೃತ್ಯ ಮತ್ತು ನಾಯಕ ನಟ. ಅದು ಒಂದು ಕೈಕೆಲಸ, ಒಂದು ಕಾರ್ಖಾನೆ, ಕೆಲವೊಮ್ಮೆ ಮನೆಮಂದಿಯೆಲ್ಲ ಪಣಕ್ಕಿಟ್ಟು ಆಡಬೇಕಾದ ಆಟ ಎಂಬುದನ್ನು ಫಾಲ್ಕೆಯವರ ಜೀವನ ಚೆನ್ನಾಗಿ ತಿಳಿಸಿಕೊಡುತ್ತದೆ.

ಹಲವು ವಿದ್ಯೆಗಳ ಹುಡುಗ

ಧುಂಡಿರಾಜ್ ಗೋವಿಂದ ಫಾಲ್ಕೆ ಹುಟ್ಟಿದ್ದು 1870ರ ಏಪ್ರಿಲ್ 30ರಂದು, ನಾಸಿಕ್ ಬಳಿಯ ಪುಣ್ಯಕ್ಷೇತ್ರ ತ್ರ್ಯಂಬಕೇಶ್ವರದಲ್ಲಿ. ತಂದೆ ಸಂಸ್ಕೃತ ವಿದ್ವಾಂಸರು. ಅವರಿಗೆ ಮುಂಬಯಿಯ ಕಾಲೇಜಿನಲ್ಲಿ ಸಂಸ್ಕೃತ ಕಲಿಸುವ ಕೆಲಸ ಸಿಕ್ಕಿದ್ದರಿಂದ ಕುಟುಂಬ ಮುಂಬಯಿಗೆ ಬಂದು ನೆಲೆಸಿತು. ಮಗನೂ ತಂದೆಯ ಹಾದಿಯಲ್ಲೇ ಶಾಸ್ತ್ರಿಯಾಗಬಹುದಿತ್ತು. ಆದರೆ ಹುಡುಗನ ಮನಸ್ಸು ಚಿತ್ರ ಬರೆಯುವುದರಲ್ಲಿ, ಬೊಂಬೆ ಮಾಡುವುದರಲ್ಲಿ, ನಾಟಕದಲ್ಲಿ ಇತ್ತು. 1885ರಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆಗೆ ಸೇರಿದರು. ಮುಂದೆ ಬರೋಡೆಯ ಕಲಾಭವನದಲ್ಲಿ ತೈಲಚಿತ್ರ, ಜಲವರ್ಣ, ಶಿಲ್ಪ, ಕಟ್ಟಡ ವಿನ್ಯಾಸ, ಫೋಟೊಗ್ರಫಿ ಎಲ್ಲವನ್ನೂ ಕಲಿತರು. ರತ್ಲಾಮಿಗೆ ಹೋಗಿ ಬಣ್ಣದ ಮುದ್ರಣಕ್ಕೆ ಬೇಕಾದ ಬ್ಲಾಕ್ ತಯಾರಿಸುವ ಕೆಲಸವನ್ನೂ ಕಲಿತು ಬಂದರು.

ಒಂದರ ಮೇಲೊಂದು ವಿದ್ಯೆ ಕಲಿತರೂ ಜೀವನ ಸುಲಭವಾಗಲಿಲ್ಲ. ಗುಜರಾತಿನ ಗೋಧ್ರಾದಲ್ಲಿ ಫೋಟೊ ಸ್ಟುಡಿಯೋ ತೆರೆದರು. ಪ್ಲೇಗ್ ಮಾರಿ ಬಂದು ಮೊದಲ ಹೆಂಡತಿಯನ್ನೂ ಮಗುವನ್ನೂ ಕಳೆದುಕೊಂಡರು. ಮತ್ತೆ ಬರೋಡೆಗೆ ಬಂದು ಸ್ಟುಡಿಯೋ ಹಾಕಿದರೆ, ಫೋಟೊ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆ ಎಂಬ ಮೂಢನಂಬಿಕೆಯಿಂದ ಜನ ಹತ್ತಿರ ಸುಳಿಯಲಿಲ್ಲ. ಹೊಟ್ಟೆಪಾಡಿಗೆ ನಾಟಕ ಕಂಪನಿಗಳಿಗೆ ಪರದೆ ಬರೆದರು. ಜಾದೂ ಕಲಿತು, ತಮ್ಮ ಹೆಸರಿನ ಅಕ್ಷರಗಳನ್ನೇ ತಿರುಗಿಸಿ ಪ್ರೊಫೆಸರ್ ಕೆಲ್ಫಾ ಎಂಬ ಹೆಸರಿನಲ್ಲಿ ಪ್ರದರ್ಶನ ಕೊಟ್ಟರು. 1902ರಲ್ಲಿ ಎರಡನೆಯ ಮದುವೆಯಾಯಿತು. ಈ ಹೆಂಡತಿಯೇ ಸರಸ್ವತಿಬಾಯಿ. ಅವರ ಹೆಸರನ್ನು ಮಕ್ಕಳು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಮುಂದಿನ ಕತೆಯಲ್ಲಿ ಅರ್ಧ ಭಾಗ ಅವರದೇ.

1903ರಲ್ಲಿ ಫಾಲ್ಕೆಯವರಿಗೆ ಸರ್ಕಾರದ ಪುರಾತತ್ವ ಇಲಾಖೆಯಲ್ಲಿ ಫೋಟೊಗ್ರಾಫರ್ ಮತ್ತು ನಕ್ಷೆ ಬರೆಯುವವರ ಕೆಲಸ ಸಿಕ್ಕಿತು. ಆ ಕಾಲಕ್ಕೆ ಅದು ಭದ್ರವಾದ ಉದ್ಯೋಗ. ಆದರೆ ಬಂಗಾಳದ ವಿಭಜನೆಯ ನಂತರ ದೇಶದಲ್ಲೆಲ್ಲ ಸ್ವದೇಶಿ ಚಳವಳಿಯ ಗಾಳಿ ಬೀಸಿತು. ಫಾಲ್ಕೆ ನೌಕರಿ ಬಿಟ್ಟು ಲೋಣಾವಳದಲ್ಲಿ ಸ್ವಂತ ಮುದ್ರಣಾಲಯ ಆರಂಭಿಸಿದರು. ನಮ್ಮ ಅಜ್ಜ ಅಜ್ಜಿಯರ ಮನೆಯ ದೇವರ ಗೂಡಿನಲ್ಲಿ ರಾಜಾ ರವಿವರ್ಮನ ಲಕ್ಷ್ಮಿ ಸರಸ್ವತಿಯರ ಬಣ್ಣದ ಪಟಗಳು ಇರುತ್ತಿದ್ದವಲ್ಲ, ಆ ಪಟಗಳನ್ನು ಅಚ್ಚು ಹಾಕುತ್ತಿದ್ದ ರವಿವರ್ಮ ಪ್ರೆಸ್ಸಿಗೂ ಫಾಲ್ಕೆ ಕೆಲಸ ಮಾಡಿಕೊಟ್ಟರು. ಮುದ್ರಣಾಲಯ ಮುಂದೆ ಮುಂಬಯಿಯ ದಾದರ್‌ಗೆ ಬಂತು. 1909ರಲ್ಲಿ ಬಣ್ಣದ ಮುದ್ರಣ ಯಂತ್ರ ತರಲು ಜರ್ಮನಿಗೂ ಹೋಗಿಬಂದರು. ಕೆಲಸಕ್ಕೆ ಒಳ್ಳೆಯ ಹೆಸರು ಬಂತು. ಆದರೆ ಪಾಲುದಾರರ ಜೊತೆ ಹೊಂದಾಣಿಕೆಯಾಗದೆ ಬರಿಗೈಯಲ್ಲಿ ಹೊರಬಂದರು. ದುಡಿದವನೊಬ್ಬ, ಹಣ ಹಾಕಿದವನೊಬ್ಬ, ಇಬ್ಬರ ನಡುವೆ ಜಗಳ. ಇದು ಫಾಲ್ಕೆಯವರ ಬಾಳಿನಲ್ಲಿ ಮತ್ತೆ ಬರಲಿದೆ.

ಪರದೆಯ ಮೇಲೆ ಕಂಡ ಕನಸು

ಹೀಗೆ ನಲವತ್ತು ದಾಟಿ, ಕೈಯಲ್ಲಿ ಕೆಲಸವಿಲ್ಲದೆ ಇದ್ದಾಗ ಮುಂಬಯಿಯ ಒಂದು ಡೇರೆ ಚಿತ್ರಮಂದಿರದಲ್ಲಿ ಅವರು ಏಸುಕ್ರಿಸ್ತನ ಜೀವನದ ಮೂಕಿ ಚಿತ್ರವನ್ನು ನೋಡಿದರು. ಪರದೆಯ ಮೇಲೆ ಏಸು ಓಡಾಡುತ್ತಿದ್ದರೆ ಅವರ ಮನಸ್ಸಿನಲ್ಲಿ ರಾಮ, ಕೃಷ್ಣ, ಗೋಕುಲ, ಅಯೋಧ್ಯೆ ಓಡಾಡತೊಡಗಿದವು. ನಮ್ಮ ಕತೆಗಳನ್ನು ನಮ್ಮ ಜನರೇ ಹೀಗೆ ತೋರಿಸಲು ಸಾಧ್ಯವೇ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಮನೆಗೆ ಬಂದವರೇ ಸರಸ್ವತಿಬಾಯಿಯವರಿಗೆ ವಿಷಯ ತಿಳಿಸಿದರು, ಅವರನ್ನೂ ಕರೆದುಕೊಂಡು ಹೋಗಿ ಚಿತ್ರ ತೋರಿಸಿದರು.

ಆಮೇಲೆ ತಿಂಗಳುಗಟ್ಟಲೆ ಅವರ ಕೆಲಸ ಒಂದೇ. ಊರಿನಲ್ಲಿ ಬಂದ ಚಿತ್ರಗಳನ್ನೆಲ್ಲ ನೋಡುವುದು, ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಗಮನಿಸುವುದು, ಪುಸ್ತಕ ತರಿಸಿ ರಾತ್ರಿಯೆಲ್ಲ ಓದುವುದು. ನಿದ್ದೆಗೆಟ್ಟು ಕಣ್ಣು ಹಾಳಾಯಿತು. ಕೆಲಕಾಲ ದೃಷ್ಟಿಯೇ ಹೋದಂತಾಗಿ, ವೈದ್ಯರ ಚಿಕಿತ್ಸೆಯಿಂದ ಮತ್ತೆ ಕಾಣುವಂತಾಯಿತು. ಚಿತ್ರ ತೆಗೆಯಲು ಹೊರಟವನಿಗೆ ಮೊದಲು ಹೋದದ್ದೇ ಕಣ್ಣು ಎಂದರೆ ಅದೆಂಥ ಪರೀಕ್ಷೆ ಇರಬೇಕು! ಆದರೂ ಅವರು ಹಿಂಜರಿಯಲಿಲ್ಲ.

ಹಣ ಎಲ್ಲಿಂದ ಬರಬೇಕು? ತಮ್ಮ 12,000 ರೂಪಾಯಿಯ ಜೀವವಿಮಾ ಪಾಲಿಸಿಗಳನ್ನು ಅಡವಿಟ್ಟು 10,000 ರೂಪಾಯಿ ಸಾಲ ಪಡೆದರು. 1912ರ ಫೆಬ್ರವರಿಯಲ್ಲಿ ಹಡಗು ಹತ್ತಿ ಲಂಡನ್ನಿಗೆ ಹೋದರು. ಅಲ್ಲಿ ಬಯೋಸ್ಕೋಪ್ ಎಂಬ ವಾರಪತ್ರಿಕೆಯ ಸಂಪಾದಕರನ್ನು ಕಂಡು, ಅವರ ಮೂಲಕ ಸೆಸಿಲ್ ಹೆಪ್‌ವರ್ತ್ ಎಂಬ ಹೆಸರಾಂತ ಚಿತ್ರ ತಯಾರಕರ ಸ್ಟುಡಿಯೋದೊಳಗೆ ಹೋಗಿ ಕೆಲಸ ನೋಡಿ ಕಲಿತರು. ಸುಮಾರು ಎರಡೇ ವಾರ! ಒಂದು ವಿಲಿಯಮ್ಸನ್ ಕ್ಯಾಮೆರಾ, ಫಿಲ್ಮಿಗೆ ರಂಧ್ರ ಹೊಡೆಯುವ ಯಂತ್ರ ಮತ್ತು ಕೊಡಕ್ ಕಂಪನಿಯ ಕಚ್ಚಾ ಫಿಲ್ಮ್‌ಗೆ ಹಣ ಕಟ್ಟಿ, 1912ರ ಏಪ್ರಿಲ್ ಮೊದಲ ವಾರಕ್ಕೆ ಮುಂಬಯಿಗೆ ಮರಳಿದರು.

ಸಾಮಾನು ಬಂತು, ಆದರೆ ಚಿತ್ರಕ್ಕೆ ಹಣ ಹಾಕುವವರು ಬರಲಿಲ್ಲ. ಕಣ್ಣಾರೆ ಕಾಣದೆ ಯಾರು ನಂಬುತ್ತಾರೆ? ಫಾಲ್ಕೆ ಒಂದು ಉಪಾಯ ಮಾಡಿದರು. ಕುಂಡದಲ್ಲಿ ಬಟಾಣಿ ಕಾಳು ಬಿತ್ತಿ, ಅದರ ಎದುರಿಗೆ ಕ್ಯಾಮೆರಾ ನಿಲ್ಲಿಸಿ, ದಿನವೂ ಒಂದಿಷ್ಟು ಚಿತ್ರ ತೆಗೆಯುತ್ತ ಹೋದರು. ಒಂದು ತಿಂಗಳಿಗೂ ಹೆಚ್ಚು ಕಾಲದ ಈ ತಪಸ್ಸಿನ ಫಲ ಒಂದು ನಿಮಿಷದ ಚಿತ್ರ. ಕಾಳು ಮೊಳೆತು, ಗಿಡವಾಗಿ, ಬಳ್ಳಿ ಹಬ್ಬುವುದು ಕಣ್ಣ ಮುಂದೆ ನಿಮಿಷದಲ್ಲಿ ನಡೆದುಹೋಯಿತು. ಅದನ್ನು ನೋಡಿದ ಗೆಳೆಯರಿಗೆ ನಂಬಿಕೆ ಬಂತು, ಸಾಲ ಸಿಕ್ಕಿತು. ಸಾಲದಿದ್ದಾಗ ಸರಸ್ವತಿಬಾಯಿ ತಮ್ಮ ಒಡವೆಗಳನ್ನು ತೆಗೆದುಕೊಟ್ಟರು.

ಮನೆಯೇ ಕಾರ್ಖಾನೆ

ಮೊದಲ ಚಿತ್ರಕ್ಕೆ ಫಾಲ್ಕೆ ಆರಿಸಿಕೊಂಡದ್ದು ಸತ್ಯ ಹರಿಶ್ಚಂದ್ರನ ಕತೆ. ಕನ್ನಡದಲ್ಲಿ ರಾಘವಾಂಕನ ಹರಿಶ್ಚಂದ್ರ ಕಾವ್ಯದಿಂದ ಹಿಡಿದು 1965ರಲ್ಲಿ ಹುಣಸೂರು ಕೃಷ್ಣಮೂರ್ತಿ ಅವರು ನಿರ್ದೇಶಿಸಿ ರಾಜ್‌ಕುಮಾರ್ ಅಭಿನಯಿಸಿದ ಸತ್ಯ ಹರಿಶ್ಚಂದ್ರ ಚಿತ್ರದವರೆಗೆ ಈ ಕತೆ ನಮ್ಮ ಮನೆಮಾತು. ನಮ್ಮ ಕಾವ್ಯದ ಚಂದ್ರಮತಿಯೇ ಮರಾಠಿಯಲ್ಲಿ ತಾರಾಮತಿ.

ತಾರಾಮತಿಯ ಪಾತ್ರವೇ ದೊಡ್ಡ ತಲೆನೋವಾಯಿತು. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರೂ ತಕ್ಕ ಹೆಣ್ಣುಮಕ್ಕಳು ಸಿಗಲಿಲ್ಲ. ಆ ಕಾಲದಲ್ಲಿ ನಾಟಕದಲ್ಲಿಯೇ ಹೆಣ್ಣುಮಕ್ಕಳು ಪಾತ್ರ ಮಾಡುವುದು ಅಪರೂಪ, ಕ್ಯಾಮೆರಾದ ಮುಂದೆ ನಿಲ್ಲುವುದಂತೂ ಮರ್ಯಾದೆಗೆ ಕುಂದು ಎಂದು ತಿಳಿಯುತ್ತಿದ್ದರು. ಕೊನೆಗೆ ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಅಡುಗೆ ಕೆಲಸ ಮಾಡುತ್ತಿದ್ದ ಅಣ್ಣಾ ಸಾಳುಂಕೆ ಎಂಬ ತೆಳ್ಳನೆಯ ಯುವಕ ಕಣ್ಣಿಗೆ ಬಿದ್ದ. ಹೋಟೆಲಿನಲ್ಲಿ ತಿಂಗಳಿಗೆ 10 ರೂಪಾಯಿ ಸಂಬಳ. ಫಾಲ್ಕೆ 15 ರೂಪಾಯಿ ಕೊಡುವುದಾಗಿ ಹೇಳಿ ಒಪ್ಪಿಸಿದರು. ಹೀಗೆ ಭಾರತದ ಮೊದಲ ಕಥಾಚಿತ್ರದ ನಾಯಕಿಯಾದದ್ದು ಒಬ್ಬ ಅಡುಗೆಯ ಹುಡುಗ! ಹೆಣ್ಣು ಪಾತ್ರ ಮಾಡುವವರು ಮೀಸೆ ಬೋಳಿಸಬೇಕು ಎಂದಾಗ ಇನ್ನೊಂದು ತಕರಾರು ಬಂತು. ತಂದೆ ಬದುಕಿರುವಾಗ ಮಗ ಮೀಸೆ ತೆಗೆಯುವಂತಿಲ್ಲ ಎಂಬುದು ಅವರ ಸಂಪ್ರದಾಯ. ಅವರಿಗೂ ಅವರ ತಂದೆಯರಿಗೂ ಸಮಾಧಾನ ಹೇಳಿ ಒಪ್ಪಿಸಬೇಕಾಯಿತು. ಹರಿಶ್ಚಂದ್ರನ ಪಾತ್ರ ದತ್ತಾತ್ರೇಯ ದಾಬ್ಕೆ ಅವರದು. ಮಗ ರೋಹಿತನ ಪಾತ್ರಕ್ಕೆ ಬೇರೆಯವರು ತಮ್ಮ ಮಗುವನ್ನು ಕೊಡಲು ಹೆದರಿದರು, ಏಕೆಂದರೆ ಕತೆಯಲ್ಲಿ ಆ ಹುಡುಗ ಹಾವು ಕಚ್ಚಿ ಸಾಯಬೇಕು. ಫಾಲ್ಕೆ ತಮ್ಮ ಸ್ವಂತ ಮಗ ಭಾಲಚಂದ್ರನನ್ನೇ ನಿಲ್ಲಿಸಿದರು.

ದಾದರ್‌ನ ಒಂದು ಬಂಗಲೆಯೇ ಮನೆ, ಅದೇ ಸ್ಟುಡಿಯೋ. ಇಂದು ಆ ರಸ್ತೆಗೆ ಫಾಲ್ಕೆಯವರದೇ ಹೆಸರಿದೆ. ಸಿನಿಮಾದಲ್ಲಿ ಕೆಲಸ ಮಾಡುತ್ತೇವೆ ಎಂದು ಹೇಳಿಕೊಳ್ಳಲು ನಟರಿಗೆ ಸಂಕೋಚ. ಯಾರಾದರೂ ಕೇಳಿದರೆ ಹರಿಶ್ಚಂದ್ರ ಎಂಬವರ ಕಾರ್ಖಾನೆಯಲ್ಲಿ ದುಡಿಯುತ್ತೇವೆ ಎಂದು ಹೇಳಿ ಎಂದು ಫಾಲ್ಕೆ ಅವರಿಗೆ ಸೂಚಿಸಿದ್ದರಂತೆ. ಮಾತು ತಮಾಷೆಯದಾದರೂ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅದು ನಿಜವಾಗಿಯೂ ಕಾರ್ಖಾನೆಯೇ ಆಗಿತ್ತು.

ಆ ಕಾರ್ಖಾನೆಯ ಅರ್ಧ ಭಾರ ಹೊತ್ತವರು ಸರಸ್ವತಿಬಾಯಿ. ಅರವತ್ತು ಎಪ್ಪತ್ತು ಜನಕ್ಕೆ ದಿನವೂ ಅಡುಗೆ ಮಾಡಿ ಬಡಿಸುವುದು, ಎಲ್ಲರ ಬಟ್ಟೆಬರೆ ನೋಡಿಕೊಳ್ಳುವುದು ಅವರ ಹಗಲಿನ ಕೆಲಸ. ಆಗ ವಿದ್ಯುತ್ ದೀಪಗಳಲ್ಲಿ ಚಿತ್ರೀಕರಣ ಇರಲಿಲ್ಲ, ಎಲ್ಲ ಬಿಸಿಲಿನಲ್ಲೇ. ನಟರ ಮುಖಕ್ಕೆ ಬೆಳಕು ಬೀಳುವಂತೆ ಬಿಳಿಯ ಬಟ್ಟೆ ಹಿಡಿದು ಬಿಸಿಲಿನಲ್ಲಿ ಗಂಟೆಗಟ್ಟಲೆ ನಿಲ್ಲುವುದೂ ಅವರ ಪಾಲಿಗೆ ಬಂತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಕತ್ತಲೆಯಲ್ಲಿ ಫಿಲ್ಮಿಗೆ ರಂಧ್ರ ಹೊಡೆಯುವ ಕೆಲಸ, ಆಮೇಲೆ ಔಷಧದ ನೀರಿನಲ್ಲಿ ಅದನ್ನು ತೊಳೆಯುವ ಕೆಲಸ. ರಾಸಾಯನಿಕಗಳನ್ನು ಎಷ್ಟು ಪ್ರಮಾಣದಲ್ಲಿ ಬೆರೆಸಬೇಕೆಂಬುದನ್ನೂ ಅವರು ಗಂಡನಿಂದ ಕಲಿತುಕೊಂಡಿದ್ದರು.

ಮಕ್ಕಳೇ, ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ರಾಜಾ ಹರಿಶ್ಚಂದ್ರ ಚಿತ್ರದ ಉದ್ದ ಸುಮಾರು 3,700 ಅಡಿ. ಒಂದು ಅಡಿ ಫಿಲ್ಮಿನಲ್ಲಿ 16 ಚಿತ್ರಗಳು ಹಿಡಿಯುತ್ತವೆ. ಗುಣಿಸಿದರೆ 59,200 ಚಿತ್ರಗಳು. ಪ್ರತಿಯೊಂದು ಚಿತ್ರದ ಎರಡೂ ಬದಿಗೆ ನಾಲ್ಕು ನಾಲ್ಕು, ಒಟ್ಟು ಎಂಟು ರಂಧ್ರಗಳು. ಹಾಗಾದರೆ 4,73,600 ರಂಧ್ರಗಳು! ಯಂತ್ರ ಕೈಯಲ್ಲಿದ್ದರೂ ಫಿಲ್ಮಿನ ಉದ್ದಕ್ಕೂ ಒಂದೇ ಒಂದು ರಂಧ್ರ ಅತ್ತಿತ್ತ ಆಗಬಾರದು. ಆದರೆ ಪರದೆಯ ಮೇಲೆ ಚಿತ್ರ ಕುಣಿಯುತ್ತದೆ, ಇಲ್ಲವೇ ಫಿಲ್ಮ್ ಹರಿದುಹೋಗುತ್ತದೆ. ಬೆಳಕಿನಲ್ಲಿ ಮಾಡಿದರೆ ಫಿಲ್ಮ್ ಹಾಳು, ಆದ್ದರಿಂದ ಎಲ್ಲವೂ ಕತ್ತಲೆಯಲ್ಲಿ. ಅಭಿನಯ ಮಾಡಿದವರನ್ನು ಜನ ನೋಡಿದರು, ಈ ರಂಧ್ರಗಳನ್ನು ಯಾರು ನೋಡಿದರು?

ಫಾಲ್ಕೆಯವರೂ ಸುಮ್ಮನೆ ಕುರ್ಚಿಯಲ್ಲಿ ಕುಳಿತು ಅಪ್ಪಣೆ ಕೊಡುವವರಾಗಿರಲಿಲ್ಲ. ಕತೆ ಬರೆದವರು, ಪರದೆ ಬರೆದವರು, ವೇಷ ಹಾಕಿದವರು, ನಟನೆ ಹೇಳಿಕೊಟ್ಟವರು, ಫಿಲ್ಮ್ ಕತ್ತರಿಸಿ ಜೋಡಿಸಿದವರು ಎಲ್ಲ ಅವರೇ. ಕ್ಯಾಮೆರಾದ ಹಿಡಿಯನ್ನು ಒಂದೇ ವೇಗದಲ್ಲಿ ತಿರುಗಿಸುವುದನ್ನು ತೆಲಂಗ ಎಂಬ ಗೆಳೆಯರಿಗೆ ಕಲಿಸಿದರು. ಹೊರಾಂಗಣ ಚಿತ್ರೀಕರಣಕ್ಕೆ ಒಂದು ಹಳ್ಳಿಗೆ ಹೋದಾಗ, ಕತ್ತಿ ಹಿಡಿದ ವೇಷಧಾರಿಗಳನ್ನು ನೋಡಿ ದರೋಡೆಕೋರರು ಬಂದರೆಂದು ಊರಿನವರು ಪೊಲೀಸರಿಗೆ ದೂರು ಕೊಟ್ಟರೆಂದೂ, ಸಿನಿಮಾ ಎಂದರೇನೆಂದು ತೋರಿಸಿದ ಮೇಲೆಯೇ ಬಿಟ್ಟರೆಂದೂ ಹೇಳುತ್ತಾರೆ.

ಸುಮಾರು ಏಳು ತಿಂಗಳ ದುಡಿಮೆಯ ನಂತರ ಚಿತ್ರ ಸಿದ್ಧವಾಯಿತು. 1913ರ ಏಪ್ರಿಲ್ 21ರಂದು ಮುಂಬಯಿಯ ಒಲಿಂಪಿಯಾ ಚಿತ್ರಮಂದಿರದಲ್ಲಿ ಗಣ್ಯರಿಗೆ ತೋರಿಸಲಾಯಿತು. ಮೇ 3ರಂದು ಕಾರೊನೇಷನ್ ಚಿತ್ರಮಂದಿರದಲ್ಲಿ ಸಾರ್ವಜನಿಕ ಪ್ರದರ್ಶನ ಆರಂಭವಾಯಿತು. ಇದಕ್ಕೆ ಒಂದು ವರ್ಷ ಮೊದಲೇ, 1912ರಲ್ಲಿ, ದಾದಾಸಾಹೇಬ್ ತೋರಣೆಯವರ ಪುಂಡಲೀಕ ಎಂಬ ಚಿತ್ರ ಬಂದಿತ್ತು. ಅದು ನಾಟಕವೊಂದನ್ನು ಚಿತ್ರೀಕರಿಸಿದ್ದು, ಕ್ಯಾಮೆರಾ ಹಿಡಿದವರು ವಿದೇಶಿ ಎಂಬ ಕಾರಣದಿಂದ ರಾಜಾ ಹರಿಶ್ಚಂದ್ರವನ್ನೇ ಭಾರತದ ಮೊದಲ ಪೂರ್ಣ ಕಥಾಚಿತ್ರವೆಂದು ಎಣಿಸುತ್ತಾರೆ.

ಮುಂಬಯಿಯಲ್ಲಿ ಜನ ಮುಗಿಬಿದ್ದರು. ಆದರೆ ಎಲ್ಲ ಊರಿನಲ್ಲೂ ಹಾಗಾಗಲಿಲ್ಲ. ಸೂರತ್ತಿನಲ್ಲಿ ಮೊದಲ ಆಟಕ್ಕೆ ಮೂರೇ ರೂಪಾಯಿ ವಸೂಲಾಯಿತೆಂದು ಹೇಳುತ್ತಾರೆ. ನಾಟಕವಾದರೆ ರಾತ್ರಿಯಿಡೀ ನಡೆಯುತ್ತದೆ, ಈ ಚಿತ್ರ ಬೇಗನೆ ಮುಗಿದುಹೋಗುತ್ತದೆ ಎಂದು ಜನರ ಅಸಮಾಧಾನ. ಆಗ ಫಾಲ್ಕೆ ಜಾಣತನದ ಜಾಹೀರಾತು ಕೊಟ್ಟರು. ಬರೀ ಮೂರಾಣೆಗೆ 57,000 ಚಿತ್ರಗಳನ್ನು ನೋಡಬಹುದು ಎಂಬುದು ಅದರ ಸಾರಾಂಶ. ಜನ ಬಂದರು. ಚಿತ್ರ ತೆಗೆಯುವುದು ಎಷ್ಟು ಕಷ್ಟವೋ ಅದನ್ನು ಜನರಿಗೆ ತಲುಪಿಸುವುದೂ ಅಷ್ಟೇ ಕಷ್ಟ ಎಂಬುದನ್ನು ಅವರು ಮೊದಲ ಚಿತ್ರದಲ್ಲಿಯೇ ಕಲಿತರು.

ಏಳು ಬೀಳು

ಆಮೇಲೆ ಫಾಲ್ಕೆ ತಮ್ಮ ಕಾರ್ಖಾನೆಯನ್ನು ನಾಸಿಕ್‌ಗೆ ಒಯ್ದರು. 1913ರಲ್ಲಿಯೇ ಬಂದ ಮೋಹಿನಿ ಭಸ್ಮಾಸುರ ಚಿತ್ರದಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ ನಟಿಸಿದರು. ತಾಯಿ ಪಾರ್ವತಿ, ಮಗಳು ಮೋಹಿನಿ. ಭಾರತೀಯ ಚಿತ್ರಗಳಲ್ಲಿ ಅಭಿನಯಿಸಿದ ಮೊದಲ ಮಹಿಳೆಯರು ಇವರೇ. ಸಮಾಜ ಏನೆನ್ನುವುದೋ ಎಂಬ ಭಯವನ್ನು ಮೀರಿ ಬಂದ ಈ ತಾಯಿ ಮಗಳ ಧೈರ್ಯವನ್ನು ನಾವು ಮೆಚ್ಚಲೇಬೇಕು.

1914ರಲ್ಲಿ ತಮ್ಮ ಚಿತ್ರಗಳನ್ನು ಲಂಡನ್ನಿಗೆ ಒಯ್ದು ತೋರಿಸಿದಾಗ ಅಲ್ಲಿಯವರು ಅವರ ಕೈಚಳಕವನ್ನು ಮೆಚ್ಚಿಕೊಂಡರು, ಅಲ್ಲಿಯೇ ಉಳಿದು ಚಿತ್ರ ತೆಗೆಯುವಂತೆ ಕೇಳಿದರು. ಫಾಲ್ಕೆ ಒಪ್ಪದೆ ಊರಿಗೆ ಮರಳಿದರು. ಅಷ್ಟರಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. ಹೊರದೇಶದಿಂದ ಬರಬೇಕಾದ ಕಚ್ಚಾ ಫಿಲ್ಮ್ ಸಿಗುವುದು ಕಷ್ಟವಾಯಿತು. ಸಾಲ ಕೊಡುತ್ತಿದ್ದವರು ಕೈ ಹಿಂದೆಗೆದರು. ಹಿಂದಿನ ಚಿತ್ರ ಎಷ್ಟು ಚೆನ್ನಾಗಿ ಓಡಿದ್ದರೂ ಮುಂದಿನ ಚಿತ್ರಕ್ಕೆ ಮತ್ತೆ ಕೈ ಚಾಚಬೇಕಾಗುವುದು ಚಿತ್ರರಂಗದ ಹಳೆಯ ಕಾಯಿಲೆ. ಅದು ಅಂದಿನಿಂದಲೂ ಇದೆ.

1917ರಲ್ಲಿ ಲಂಕಾದಹನ ಬಂತು. ರಾಮ ಮತ್ತು ಸೀತೆ ಎರಡೂ ಪಾತ್ರಗಳನ್ನು ಅದೇ ಅಣ್ಣಾ ಸಾಳುಂಕೆ ಮಾಡಿದರು! ಹೋಟೆಲಿನ ಹುಡುಗ ಅಷ್ಟು ಹೊತ್ತಿಗೆ ಹೆಸರಾಂತ ನಟರಾಗಿದ್ದರು. ಮುಂದೆ ಅವರು ಕ್ಯಾಮೆರಾ ಕೆಲಸವನ್ನೂ ಕಲಿತು ಛಾಯಾಗ್ರಾಹಕರಾದರು. ಈ ಚಿತ್ರ ನೋಡಲು ಹಳ್ಳಿಗಳಿಂದ ಜನ ಗಾಡಿ ಕಟ್ಟಿಕೊಂಡು ಬಂದರು. ರಾಮನ ದರ್ಶನವಾದಾಗ ಚಪ್ಪಲಿ ಕಳಚಿ ಕೈಮುಗಿದರು. ಟಿಕೇಟಿನ ಚಿಲ್ಲರೆ ನಾಣ್ಯಗಳನ್ನು ಚೀಲಗಳಲ್ಲಿ ತುಂಬಿ ಎತ್ತಿನ ಗಾಡಿಯಲ್ಲಿ ಸಾಗಿಸಬೇಕಾಯಿತೆಂಬ ಮಾತೂ ಇದೆ.

ಹಣ ಕಂಡ ಕೂಡಲೇ ಹಣವಂತರೂ ಬಂದರು. 1918ರಲ್ಲಿ ಮುಂಬಯಿಯ ಐವರು ವರ್ತಕರ ಪಾಲುದಾರಿಕೆಯಲ್ಲಿ ಹಿಂದುಸ್ತಾನ್ ಸಿನಿಮಾ ಫಿಲ್ಮ್ಸ್ ಕಂಪನಿ ಸ್ಥಾಪನೆಯಾಯಿತು. ಸಾಲದ ಚಿಂತೆ ತಪ್ಪಿತು ಎಂದು ಫಾಲ್ಕೆ ನೆಮ್ಮದಿಯ ಉಸಿರು ಬಿಟ್ಟರು. ಶ್ರೀಕೃಷ್ಣ ಜನ್ಮ, ಕಾಳಿಯಮರ್ದನ ಮುಂತಾದ ಚಿತ್ರಗಳು ಬಂದವು. 1919ರ ಕಾಳಿಯಮರ್ದನದಲ್ಲಿ ಬಾಲಕೃಷ್ಣನಾದವಳು ಅವರ ಪುಟ್ಟ ಮಗಳು ಮಂದಾಕಿನಿ. ಚಿತ್ರದ ಆರಂಭದಲ್ಲಿ ಆ ಮಗು ನಗು, ಅಳು, ಕೋಪ, ಅಚ್ಚರಿ ಎಲ್ಲ ಭಾವಗಳನ್ನೂ ಮುಖದಲ್ಲಿ ತೋರಿಸುವ ದೃಶ್ಯ ಇಂದಿಗೂ ಉಳಿದಿದೆ. ಅವಕಾಶವಾದರೆ ಮಕ್ಕಳು ಅದನ್ನು ತಪ್ಪದೆ ನೋಡಬೇಕು.

ಆದರೆ ನೆಮ್ಮದಿ ಬಹಳ ದಿನ ಉಳಿಯಲಿಲ್ಲ. ಖರ್ಚು ಹೆಚ್ಚಾಯಿತು ಎಂದು ಪಾಲುದಾರರ ದೂರು, ಕೆಲಸದಲ್ಲಿ ಕೈ ಹಾಕುತ್ತಾರೆ ಎಂದು ಫಾಲ್ಕೆಯವರ ದೂರು. ಲೆಕ್ಕ ನೋಡುವವನ ಕಣ್ಣಿಗೆ ಹತ್ತು ಸಲ ತೆಗೆದ ದೃಶ್ಯ ದಂಡ, ಕಲಾವಿದನ ಕಣ್ಣಿಗೆ ಅದು ಅಗತ್ಯ. ಇಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನ್ಯಾಯವಿತ್ತು. ಮನನೊಂದ ಫಾಲ್ಕೆ ಎಲ್ಲವನ್ನೂ ಬಿಟ್ಟು ಸಂಸಾರ ಸಮೇತ ಕಾಶಿಗೆ ಹೊರಟುಹೋದರು. ಅಲ್ಲಿ ರಂಗಭೂಮಿ ಎಂಬ ನಾಟಕ ಬರೆದರು. ಚಿತ್ರರಂಗ ಅವರನ್ನು ಮತ್ತೆ ಕರೆಯಿತು. 1922ರಲ್ಲಿ ಅದೇ ಕಂಪನಿಗೆ ಹಿಂತಿರುಗಿದರು. ಆದರೆ ಈ ಸಲ ಪಾಲುದಾರರಾಗಿ ಅಲ್ಲ, ತಿಂಗಳಿಗೆ 1,000 ರೂಪಾಯಿ ಸಂಬಳದ ನೌಕರರಾಗಿ! ತಾವೇ ಹುಟ್ಟುಹಾಕಿದ ಉದ್ಯಮದಲ್ಲಿ ತಾವೇ ನೌಕರರಾದರು.

ಮಾತು ಬಂತು, ಕಾಲ ಬದಲಾಯಿತು

1920ರ ದಶಕದ ಕೊನೆಗೆ ಫಾಲ್ಕೆ ಸೇತುಬಂಧನ ಎಂಬ ದೊಡ್ಡ ಚಿತ್ರಕ್ಕೆ ಕೈ ಹಾಕಿದರು. ಅದರ ಚಿತ್ರೀಕರಣಕ್ಕಾಗಿ ಅವರು ಬಂದ ಸ್ಥಳಗಳಲ್ಲಿ ನಮ್ಮ ಹಂಪಿಯೂ ಒಂದು. ಕಿಷ್ಕಿಂಧೆ ಇದೇ ಎಂದು ನಂಬುವ ನಾಡಿಗೆ ವಾನರ ಸೇನೆಯ ಚಿತ್ರ ತೆಗೆಯಲು ಬಂದದ್ದು ಸಹಜವೇ ಆಗಿತ್ತು. ಆದರೆ ಅರ್ಧದಲ್ಲಿ ಹಣ ಮುಗಿದು ಕೆಲಸ ನಿಂತಿತು. ಮತ್ತೆ ಹಣ ಹೊಂದಿಸಿಕೊಂಡು ಚಿತ್ರ ಮುಗಿಸುವಷ್ಟರಲ್ಲಿ ಲೋಕವೇ ಬದಲಾಗಿತ್ತು. 1931ರ ಮಾರ್ಚ್ 14ರಂದು ಅರ್ದೇಶಿರ್ ಇರಾನಿಯವರ ಆಲಂ ಆರಾ ಬಿಡುಗಡೆಯಾಗಿ ಪರದೆ ಮಾತನಾಡತೊಡಗಿತ್ತು. 1932ರಲ್ಲಿ ಬಂದ ಮೂಕಿ ಸೇತುಬಂಧನವನ್ನು ಯಾರು ನೋಡುತ್ತಾರೆ? 1934ರಲ್ಲಿ ಸುಮಾರು 40,000 ರೂಪಾಯಿ ಖರ್ಚು ಮಾಡಿ ಅದಕ್ಕೆ ಮಾತು ಜೋಡಿಸಿ ಮತ್ತೆ ಬಿಡುಗಡೆ ಮಾಡಿದರು. ಕಷ್ಟ ತೀರಲಿಲ್ಲ.

ಅದೇ 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನ ತೆರೆಗೆ ಬಂತು. ಅದರ ಚಿತ್ರೀಕರಣ ನಡೆದದ್ದು ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ. ಕರ್ನಾಟಕದಲ್ಲಿ ತಕ್ಕ ಸ್ಟುಡಿಯೋ ಆಗ ಇರಲಿಲ್ಲ. ಆರ್. ನಾಗೇಂದ್ರರಾಯರು, ಸುಬ್ಬಯ್ಯನಾಯ್ಡು ಮೊದಲಾದ ನಮ್ಮ ರಂಗಭೂಮಿಯ ಹಿರಿಯರು ಅಲ್ಲಿಗೆ ಹೋಗಿ ಅಭಿನಯಿಸಿ ಬಂದರು. ಅದೇ ಕೊಲ್ಹಾಪುರದಲ್ಲಿಯೇ ಫಾಲ್ಕೆ ತಮ್ಮ ಏಕೈಕ ವಾಕ್ಚಿತ್ರ ಗಂಗಾವತರಣವನ್ನು ತಯಾರಿಸಿದರು. ಕೊಲ್ಹಾಪುರದ ಮಹಾರಾಜರ ಆಶಯದಂತೆ ಕೊಲ್ಹಾಪುರ ಸಿನಿಟೋನ್ ಕಂಪನಿಗಾಗಿ ತೆಗೆದ ಈ ಚಿತ್ರಕ್ಕೆ ಸುಮಾರು ಎರಡೂವರೆ ಲಕ್ಷ ರೂಪಾಯಿ ಖರ್ಚಾಯಿತು. 1937ರಲ್ಲಿ ಅದು ಬಿಡುಗಡೆಯಾದಾಗ ಅವರಿಗೆ 67 ವರ್ಷ. ಅದೇ ಅವರ ಕೊನೆಯ ಚಿತ್ರ.

ಕೊನೆಯ ವರ್ಷಗಳನ್ನು ಫಾಲ್ಕೆ ನಾಸಿಕ್‌ನಲ್ಲಿ ಕಳೆದರು. 1939ರಲ್ಲಿ ಭಾರತೀಯ ಚಿತ್ರರಂಗದ ಬೆಳ್ಳಿಹಬ್ಬ ಮುಂಬಯಿಯಲ್ಲಿ ವೈಭವದಿಂದ ನಡೆಯಿತು. ಅಷ್ಟು ಹೊತ್ತಿಗೆ ಚಿತ್ರರಂಗ ದೊಡ್ಡ ಉದ್ಯಮವಾಗಿ ಬೆಳೆದಿತ್ತು, ಅದನ್ನು ಆರಂಭಿಸಿದ ಹಿರಿಯರಿಗೆ ಇರಲು ಸ್ವಂತ ಮನೆಯೂ ಇರಲಿಲ್ಲ. ನಿರ್ದೇಶಕ ವಿ. ಶಾಂತಾರಾಮ್ ಅವರು ಮುಂದಾಗಿ ಸಹಾಯನಿಧಿ ಕೂಡಿಸಿ, ಮನೆ ಕಟ್ಟಿಸಿಕೊಳ್ಳಲು ನೆರವಾದರು. 1944ರ ಫೆಬ್ರವರಿ 16ರಂದು ನಾಸಿಕ್‌ನಲ್ಲಿ ದಾದಾಸಾಹೇಬ್ ಫಾಲ್ಕೆ ಕಣ್ಣು ಮುಚ್ಚಿದರು. ಜನ ಅವರನ್ನು ಆಗಲೇ ಹೆಚ್ಚುಕಡಿಮೆ ಮರೆತಿದ್ದರು.

ಅವರು ತೆಗೆದ ಚಿಕ್ಕ ದೊಡ್ಡ ಚಿತ್ರಗಳು ನೂರರ ಆಸುಪಾಸಿನಲ್ಲಿವೆ. ಇಂದು ಉಳಿದಿರುವುದು ಕೆಲವೇ ತುಣುಕುಗಳು. ಆ ಕಾಲದ ಫಿಲ್ಮ್ ಬೇಗ ಬೆಂಕಿ ಹಿಡಿಯುವಂಥದು, ಜೋಪಾನ ಮಾಡದಿದ್ದರೆ ಪುಡಿಯಾಗುವಂಥದು. ರಾಜಾ ಹರಿಶ್ಚಂದ್ರದ ಒಂದು ಭಾಗವಷ್ಟೇ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಪ್ರಯತ್ನದಿಂದ ಉಳಿದುಬಂದಿದೆ. 1971ರಲ್ಲಿ ಭಾರತ ಸರ್ಕಾರ ಫಾಲ್ಕೆಯವರ ಅಂಚೆಚೀಟಿ ತಂದಿತು. 2009ರಲ್ಲಿ ಅವರ ಮೊದಲ ಚಿತ್ರದ ಕತೆಯನ್ನೇ ಹೇಳುವ ಹರಿಶ್ಚಂದ್ರಾಚಿ ಫ್ಯಾಕ್ಟರಿ ಎಂಬ ಮರಾಠಿ ಚಿತ್ರ ಬಂತು. ಮನೆಮಂದಿಯೆಲ್ಲ ಕುಳಿತು ನೋಡಬಹುದಾದ ಹಾಸ್ಯಭರಿತ ಚಿತ್ರ ಅದು.

ನಾವು ಕಲಿಯಬೇಕಾದದ್ದು

ಫಾಲ್ಕೆಯವರ ಬದುಕಿನಿಂದ ಛಲ ಬಿಡಬಾರದು ಎಂಬ ಪಾಠವನ್ನು ಎಲ್ಲರೂ ಹೇಳುತ್ತಾರೆ. ಅದು ಸರಿಯೇ. ಆದರೆ ಛಲಕ್ಕೆ ಯಾರು ಬೆಲೆ ತೆರುತ್ತಾರೆ ಎಂಬುದನ್ನೂ ನಾವು ಯೋಚಿಸಬೇಕು. ಹರಿಶ್ಚಂದ್ರ ತನ್ನ ಮಾತು ಉಳಿಸಿಕೊಳ್ಳಲು ಹೆಂಡತಿ ಮಗನನ್ನೇ ಮಾರಬೇಕಾಯಿತು. ಅವನ ಕತೆಯನ್ನು ಚಿತ್ರ ಮಾಡಿದವರ ಮನೆಯಲ್ಲೂ ಹೆಂಡತಿಯ ಒಡವೆ ಹೋಯಿತು, ನಿದ್ದೆ ಹೋಯಿತು, ಮಕ್ಕಳು ಊರಿಂದೂರಿಗೆ ಅಲೆದರು. ಸರಸ್ವತಿಬಾಯಿ ಅದನ್ನು ಮನಸಾರೆ ಮಾಡಿದರು ಎಂಬುದು ಅವರ ದೊಡ್ಡತನ. ಆದರೆ ಮನಸಾರೆ ಮಾಡಿದ ಮಾತ್ರಕ್ಕೆ ಆ ದುಡಿಮೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡುವುದು ನ್ಯಾಯವಲ್ಲ. ಭಾರತದ ಚಿತ್ರರಂಗಕ್ಕೆ ಒಬ್ಬ ಪಿತಾಮಹ ಇದ್ದಾರೆ ಎನ್ನುವಾಗ ಒಬ್ಬ ಮಾತೆಯೂ ಇದ್ದರು ಎಂದು ಹೇಳುವುದನ್ನು ನಾವು ರೂಢಿ ಮಾಡಿಕೊಳ್ಳೋಣ.

ಸಿನಿಮಾ ಸೇರಬೇಕು ಎಂಬ ಆಸೆ ಇರುವ ಮಕ್ಕಳು ನಮ್ಮಲ್ಲಿ ಇದ್ದಾರೆ. ಅದು ತಪ್ಪೇನಲ್ಲ, ತಂದೆ ತಾಯಂದಿರು ಗಾಬರಿಪಡಬೇಕಾಗಿಯೂ ಇಲ್ಲ. ಫಾಲ್ಕೆ ಸಿನಿಮಾಕ್ಕೆ ಬಂದಾಗ ಅವರ ಕೈಯಲ್ಲಿ ಚಿತ್ರಕಲೆ, ಫೋಟೊಗ್ರಫಿ, ಮುದ್ರಣ, ಜಾದೂ ಇಷ್ಟು ವಿದ್ಯೆಗಳಿದ್ದವು. ಅವುಗಳಲ್ಲಿ ಒಂದೂ ವ್ಯರ್ಥವಾಗಲಿಲ್ಲ. ಪರದೆ ಬರೆದ ಕೈ ಸೆಟ್ ಹಾಕಿತು, ಜಾದೂ ಕಲಿತ ಬುದ್ಧಿ ಮಾಯವಾಗುವ ದೇವತೆಗಳನ್ನು ತೋರಿಸಿತು. ಆದ್ದರಿಂದ ಮಕ್ಕಳೇ, ಮೊದಲು ಯಾವುದಾದರೂ ಒಂದು ಕೆಲಸವನ್ನು ಕೈತುಂಬ ಕಲಿಯಿರಿ. ಕತೆ ಬರೆಯುವುದಾಗಲಿ, ಬಟ್ಟೆ ಹೊಲಿಯುವುದಾಗಲಿ, ದೀಪ ಜೋಡಿಸುವುದಾಗಲಿ, ಲೆಕ್ಕ ಬರೆಯುವುದಾಗಲಿ. ಪರದೆಯ ಮೇಲೆ ನಾಲ್ಕು ಜನ ಕಾಣಬೇಕಾದರೆ ಅದರ ಹಿಂದೆ ನೂರು ಜನ ದುಡಿಯಬೇಕು.

ನಮ್ಮ ಶಾಲೆಯ ವಾರ್ಷಿಕೋತ್ಸವದ ನಾಟಕದಲ್ಲೂ ಹೀಗೆಯೇ. ರಾಜನ ವೇಷ ಹಾಕಿದವನ ಫೋಟೊ ಎಲ್ಲರ ಮನೆಯಲ್ಲಿರುತ್ತದೆ. ಪರದೆಯ ಹಗ್ಗ ಹಿಡಿದು ನಿಂತ ಹುಡುಗಿ, ಕಿರೀಟಕ್ಕೆ ಹೊಳೆಯುವ ಕಾಗದ ಅಂಟಿಸಿದ ತಾಯಂದಿರು ಫೋಟೊದಲ್ಲಿ ಇರುವುದಿಲ್ಲ. ಈ ವರ್ಷದ ನಾಟಕ ಮುಗಿದ ಮೇಲೆ ವೇದಿಕೆಯ ಹಿಂದೆಯೂ ಒಮ್ಮೆ ಹೋಗಿ, ಅಲ್ಲಿ ಇದ್ದವರ ಹೆಸರು ಕೇಳಿ ಬರೆದುಕೊಳ್ಳಿ.